ಮೂರು ಹಲೋ ತಪ್ಪಿದರೆ

ಮಗ್ಗದಗೇರಿಯ ಇತಿಹಾಸವನ್ನು ಮುಂದೆ ಯಾರಾದರೂ ಬರೆಯಲು ಕೂತರೆ, ಬಣ್ಣದ ಓಣಿಯ ಗಟಾರಿನ ಮೇಲಿದ್ದ ಹಾಸುಗಲ್ಲನ್ನು ಎರಡು ಗೇಣು ಪೂರ್ವಕ್ಕೆ ಸರಿಸಿದ ಸಂಗತಿಗೆ ಇಡೀ ಒಂದು ಅಧ್ಯಾಯವನ್ನು ಮೀಸಲಿಡಬೇಕಾಗುತ್ತದೆ. ಪಟ್ಟಣ ಪಂಚಾಯತಿಯಲ್ಲಿ ಈ ವಿಷಯಕ್ಕೆ ಮೂರು ಸಭೆಗಳಾದವು. ಕಲ್ಲು ಸರಿಯುವುದಾದರೆ ಪಶ್ಚಿಮಕ್ಕೇ ಸರಿಯಬೇಕೆಂದು ಪಟ್ಟು ಹಿಡಿದ ಸದಸ್ಯರೊಬ್ಬರು ಎರಡನೆಯ ಸಭೆಯಿಂದ ಹೊರನಡೆದು, ಚಹಾ ಕುಡಿದು, ಮತ್ತೆ ಒಳಗೆ ಬಂದರು. ಮೂರನೆಯ ಸಭೆಯಲ್ಲಿ ಠರಾವು ಪಾಸಾಯಿತು.

ಕೆಲಸ ಶುರುವಾದದ್ದು ಮಂಗಳವಾರ, ಅದರ ಮೇಲೆ ಅಮಾವಾಸ್ಯೆ. ಅಂಥ ದಿನ ನಮ್ಮ ಕಡೆ ಹೊಸ ಕಸಬರಿಗೆಯನ್ನೂ ಮನೆಗೆ ತರುವುದಿಲ್ಲ. ಆದರೆ ಗುತ್ತಿಗೆದಾರನಿಗೆ ಜೆಸಿಬಿ ಸಿಕ್ಕದ್ದು ಅಂದೇ. ಮಧ್ಯಾಹ್ನ ಮೂರರ ಹೊತ್ತಿಗೆ ಅದು ಹಾಸುಗಲ್ಲನ್ನು ಎತ್ತಿತು. ಕಲ್ಲಿನ ಜೊತೆಗೆ ಅದರ ಕೆಳಗಿದ್ದ ಕಿತ್ತಳೆ ಬಣ್ಣದ ಕೊಳವೆಯನ್ನೂ ಎತ್ತಿತು. ಕೊಳವೆಯೊಳಗೆ ಕೂದಲಿನಷ್ಟು ತೆಳ್ಳನೆಯ ಗಾಜಿನ ಎಳೆಗಳಿದ್ದವು. ಚಾಲಕ ಇಳಿದು ನೋಡಿ, "ಹಳೇ ನೀರಿನ ಪೈಪ್ ಇರಬೇಕ್ ತಗೋ" ಎಂದು ಎರಡೂ ತುಂಡುಗಳನ್ನು ಗಟಾರಿಗೇ ಹಾಕಿದ.

ಆ ಕ್ಷಣದಿಂದ ಮಗ್ಗದಗೇರಿಗೂ ಚಂದ್ರನ ಆಚೆಯ ಬದಿಗೂ ಮಾತು ನಿಂತಿತು.

ಚಂದ್ರನ ಆಚೆಯ ಬದಿಯಲ್ಲಿ ಅರವತ್ತು ಜನರಿದ್ದರು. ಭೂಮಿಯ ಗದ್ದಲ ತಲುಪದ ಜಾಗ ಅದೊಂದೇ ಎಂದು ಅಲ್ಲಿ ದೊಡ್ಡ ರೇಡಿಯೋ ದೂರದರ್ಶಕ ಕಟ್ಟಿದ್ದರು. ಅದನ್ನು ನೋಡಿಕೊಳ್ಳುವ ಮೆಕ್ಯಾನಿಕ್ಕುಗಳು ಆರು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು. ಅವರು ಮನೆಯವರೊಡನೆ ಆಡುವ ಮಾತು ಒಂದು ಉಪಗ್ರಹವನ್ನು ಹಾಯ್ದು ಕಪ್ಪತಗುಡ್ಡದ ಮೇಲಿನ ದೊಡ್ಡ ಆಂಟೆನಾ ತಟ್ಟೆಗೆ ಬೀಳುತ್ತಿತ್ತು. ಅಲ್ಲಿಂದ ನೆಲದೊಳಗಿನ ಎಳೆಗಳಲ್ಲಿ ಮಗ್ಗದಗೇರಿಯ ಜಾಲ ಕೇಂದ್ರಕ್ಕೆ ಬಂದು, ಅಲ್ಲಿಂದ ಊರೂರುಗಳಲ್ಲಿದ್ದ ಅರವತ್ತು ಮನೆಗಳಿಗೆ ಹಂಚಿಕೆಯಾಗುತ್ತಿತ್ತು. ಸರ್ಕಾರಿ ದತ್ತಾಂಶವನ್ನು ಬೇರೆ ದೇಶಗಳ ತಟ್ಟೆಗಳೂ ಇಳಿಸಿಕೊಡಬೇಕೆಂಬ ಒಪ್ಪಂದವಿತ್ತು. ಮನೆಮಾತಿಗೆ ಅಂಥ ಒಪ್ಪಂದವಿರಲಿಲ್ಲ. ಖಾಸಗಿ ಸಂದೇಶವನ್ನು ಸರ್ಕಾರಿ ಮಾರ್ಗದಲ್ಲಿ ಕಳಿಸಲು ಒಂದು ಅರ್ಜಿಯಿತ್ತು. ಅದಕ್ಕೆ ಇಪ್ಪತ್ತೊಂದು ಕೆಲಸದ ದಿನ ಬೇಕಿತ್ತು.

ಗುಡ್ಡಕ್ಕೂ ಕೇಂದ್ರಕ್ಕೂ ನಡುವೆ ಇದ್ದದ್ದು ಒಂದಲ್ಲ, ಎರಡು ಲೈನು. ಒಂದು ಕಡಿದರೆ ಇನ್ನೊಂದು ಇರಲಿ ಎಂದು ಎರಡು ಬೇರೆ ಕಂಪನಿಗಳಿಂದ ತೆಗೆದುಕೊಂಡದ್ದು. ನಕಾಶೆಯಲ್ಲಿ ಒಂದು ಊರಿನ ಉತ್ತರಕ್ಕೆ ಸುತ್ತಿ ಬರುತ್ತಿತ್ತು, ಇನ್ನೊಂದು ದಕ್ಷಿಣಕ್ಕೆ. ಜೆಸಿಬಿ ಎತ್ತಿದ್ದು ಒಂದೇ ಕೊಳವೆ. ಕೇಂದ್ರದಲ್ಲಿ ಆರಿದ್ದು ಎರಡೂ ದೀಪ.

ಈ ಎರಡು ಲೈನುಗಳ ಜೋಡಣೆ ಮಾಡಿದವನು ಅಂದಾನಪ್ಪ. ವಯಸ್ಸು ನಲವತ್ತೊಂದು, ಮದುವೆಯಾಗಿಲ್ಲ, ಮಾತು ಕಡಿಮೆ. ಜಾಲ ಕೇಂದ್ರದಲ್ಲಿ ಹದಿಮೂರು ವರ್ಷದಿಂದ ಅವನದು ಒಂದೇ ಕೆಲಸ: ಕೆಡಬಹುದಾದ ಪ್ರತಿಯೊಂದಕ್ಕೂ ಇನ್ನೊಂದನ್ನು ಸಿದ್ಧವಾಗಿಡುವುದು. ಮನೆಯಲ್ಲಿ ಅವನಿಗೆ ಎರಡು ಕೊಡೆ, ಎರಡು ಬೀಗದ ಕೈ, ಎರಡು ಕನ್ನಡಕ ಇದ್ದವು. ಅವನೇ ಒಬ್ಬ ಎರಡನೆಯವನಾಗಿದ್ದ ಎಂಬುದನ್ನು ವಿವರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜನ ವರ್ಷಗಟ್ಟಲೆ ಸಮುದ್ರದ ತಳಕ್ಕೆ, ಧ್ರುವಕ್ಕೆ, ಚಂದ್ರನಿಗೆ ಕೆಲಸಕ್ಕೆ ಹೋಗತೊಡಗಿದಾಗ ಹಿಂದುಳಿದವರು ಕಾಯಿಲೆ ಬಿದ್ದರು. ವೈದ್ಯರು ಪರೀಕ್ಷಿಸಿ, ಏನೂ ಇಲ್ಲ ಎಂದರು. ಏನೂ ಇಲ್ಲದಿರುವುದೇ ಕಾಯಿಲೆಯೆಂದು ತಿಳಿಯಲು ಸರ್ಕಾರಕ್ಕೆ ಒಂದು ಸಮಿತಿ ಬೇಕಾಯಿತು. ಸಮಿತಿಯ ಅಧ್ಯಕ್ಷರು ಜೀವಮಾನವೆಲ್ಲ ರೂಟರುಗಳೊಂದಿಗೆ ಕಳೆದವರು. ಅವರ ವರದಿ ಎರಡೇ ಪುಟ. ಜಾಲದ ಬಾಗಿಲು ಕಾಯುವ ಯಂತ್ರಕ್ಕೆ ನಾವು ಯಾವಾಗಲೂ ಒಂದು ಜೊತೆ ಇಟ್ಟಿರುತ್ತೇವೆ, ಎಂದು ಅವರು ಬರೆದರು. ಮೊದಲನೆಯದು ಮಾತಾಡುತ್ತದೆ, ಎರಡನೆಯದು ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಮೊದಲನೆಯದು ಮೂರು ಸೆಕೆಂಡಿಗೊಮ್ಮೆ 'ಹಲೋ, ಇದ್ದೇನೆ' ಎನ್ನುತ್ತಿರಬೇಕು. ಮೂರು ಹಲೋ ತಪ್ಪಿದರೆ ಎರಡನೆಯದು ಅದೇ ಹೆಸರು, ಅದೇ ವಿಳಾಸ ಹೊತ್ತು ಕೆಲಸ ವಹಿಸಿಕೊಳ್ಳುತ್ತದೆ. ಮೊದಲನೆಯದು ಮರಳಿದ ಕೂಡಲೇ ಮರುಮಾತಿಲ್ಲದೆ ಹಿಂದೆ ಸರಿಯುತ್ತದೆ. ಯಂತ್ರಕ್ಕೆ ಇರುವ ಈ ಸೌಲಭ್ಯ ಮನುಷ್ಯರಿಗೆ ಯಾಕಿಲ್ಲ?

ಹೀಗೆ ಜೋಡಿ ಬಂಧ ಕಾಯ್ದೆ ಬಂತು. ದೂರ ಹೋಗುವ ಪ್ರತಿಯೊಬ್ಬರೂ ಊರಲ್ಲೇ ಇರುವ, ಸಂಬಂಧಿಕನಲ್ಲದ ಒಬ್ಬನನ್ನು 'ಬದಲಿ ಬಂಧು' ಎಂದು ನೋಂದಾಯಿಸಬೇಕು. ಜನ ಅವನನ್ನು ಸ್ಟೆಪ್ನಿ ಎಂದರು. ಲಗ್ನಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಎಂಬುದರ ಕೆಳಗೆ ಬದಲಿಯ ಹೆಸರು ಸಣ್ಣ ಅಕ್ಷರದಲ್ಲಿ ಬರತೊಡಗಿತು. ಕಾಯ್ದೆಯ ಹನ್ನೊಂದನೆಯ ಕಲಮು ಬದಲಿಯ ಕರ್ತವ್ಯಗಳನ್ನು ಪಟ್ಟಿ ಮಾಡಿತ್ತು: ಮುಂಜಾನೆ ಒಂದು ತಾಸು, ಸಂಜೆ ಒಂದು ತಾಸು ಮನೆಗೆ ಬರುವುದು, ಚಹಾ, ಮಾತು, ದವಾಖಾನೆ, ಸಣ್ಣ ರಿಪೇರಿ, ಸಲಹೆ, ಅಗತ್ಯಬಿದ್ದಲ್ಲಿ ಜಗಳ. ಏನೇನು ಕರ್ತವ್ಯವಲ್ಲ ಎಂಬುದನ್ನು ಹನ್ನೆರಡನೆಯ ಕಲಮು ಹೇಳಿತ್ತು. ಪತ್ರಿಕೆಗಳು ಎರಡು ತಿಂಗಳು ಅದನ್ನೇ ಚರ್ಚಿಸಿದವು.

ಹಲೋ ಬರುತ್ತಿರುವಷ್ಟು ಕಾಲ ಮಾತ್ರ ಬದಲಿಯು ಮೌನವಾಗಿರಬೇಕು. ಹಿಂದುಳಿದ ವ್ಯಕ್ತಿಯ ಮನೆಯ ಮತ್ತು ಕೆಲಸದ ಜಾಗದ ನೂರು ಮಾರಿನೊಳಗೆ ಸುಳಿಯಬಾರದು. ಎರಡು ರೂಟರು ಒಟ್ಟಿಗೆ ಮಾತಾಡಿದರೆ ಯಾವ ಕಾಗದವೂ ಮನೆ ಮುಟ್ಟುವುದಿಲ್ಲ ಎಂಬುದು ಸಮಿತಿಯ ತರ್ಕ. ಆದರೆ ವಹಿಸಿಕೊಳ್ಳುವ ದಿನ ಬಂದರೆ ಬದಲಿ ತಡವರಿಸಬಾರದಲ್ಲ. ಅದಕ್ಕಾಗಿ ಪ್ರತಿ ಸೋಮವಾರ ಅವನಿಗೆ ಒಂದು ಸ್ಥಿತಿಪತ್ರ ಬರುತ್ತಿತ್ತು. ಆ ವಾರದ ನಿದ್ದೆ, ರಕ್ತದೊತ್ತಡ, ಕಿರಾಣಿ, ಕೆಟ್ಟ ಬಲ್ಬು, ಯಾರೊಡನೆ ಮುನಿಸು, ಎಲ್ಲವೂ ಅದರಲ್ಲಿ.

ಫಕೀರಗೌಡ ಚಂದ್ರನಿಗೆ ಹೊರಟಾಗ, ಓದುವಾಗ ಧಾರವಾಡದ ಹಾಸ್ಟೆಲಿನಲ್ಲಿ ತನ್ನ ಕೋಣೆಯಲ್ಲಿದ್ದ ಅಂದಾನಪ್ಪನ ಹೆಸರನ್ನು ಬರೆದು ಹೋದ. ಕಾರಣದ ಕಲಮಿನಲ್ಲಿ 'ತಂಟೆ ಇಲ್ಲದ ಮನುಷ್ಯ' ಎಂದು ಬರೆದಿದ್ದ. ಫಕೀರಗೌಡನ ಹೆಂಡತಿ ನೀಲಗಂಗಾ ಬಣ್ಣದ ಓಣಿಯ ನೇಕಾರ ಸಂಘದಲ್ಲಿ ನೂಲಿಗೆ ಬಣ್ಣ ಕಟ್ಟುವ ವಿಭಾಗದ ಮುಖ್ಯಸ್ಥೆ. ಐದೂ ಮುಕ್ಕಾಲು ವರ್ಷ ಅಂದಾನಪ್ಪ ಸೋಮವಾರ ಮುಂಜಾನೆ ಅವಲಕ್ಕಿ ತಿನ್ನುತ್ತ ಅವಳ ವಾರವನ್ನು ಓದಿದ. ಅವಳು ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ, ಎಡ ಮೊಣಕಾಲು ಚಳಿಗೆ ನೋಯುತ್ತದೆ, ನಾದಿನಿಯ ಜೊತೆ ಯುಗಾದಿಗೊಮ್ಮೆ ಮುನಿಸು ಬಂದು ಪಂಚಮಿಗೆ ಹೋಗುತ್ತದೆ, ಎಲ್ಲ ಅವನಿಗೆ ತಿಳಿದಿತ್ತು. ಪೇಟೆಯಲ್ಲಿ ಅವಳು ಎದುರಾದರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದ. ಅವಳ ದನಿ ಹೇಗಿದೆಯೆಂದು ಮರೆತೇ ಹೋಗಿತ್ತು. ಸ್ಥಿತಿಪತ್ರದಲ್ಲಿ ಅದಕ್ಕೆ ಕಲಮಿರಲಿಲ್ಲ.

ಚಂದ್ರನ ಹಲೋ ದಿನಕ್ಕೊಂದೇ, ಚಂದ್ರೋದಯಕ್ಕೆ. ಚಂದ್ರ ದಿನಕ್ಕೆ ಐವತ್ತು ನಿಮಿಷ ತಡವಾಗಿ ಹುಟ್ಟುವುದರಿಂದ ಹಲೋ ಕೂಡ ಅಷ್ಟೇ ತಡವಾಗುತ್ತ ಹೋಗುತ್ತಿತ್ತು. ಊರಲ್ಲಿ ಪಂಚಾಂಗ ತಪ್ಪದೆ ನೋಡುತ್ತಿದ್ದವರು ಇಬ್ಬರು: ಮಠದ ಅಯ್ಯನವರು ಮತ್ತು ನೀಲಗಂಗಾ. ಬುಧವಾರ ಏಳಕ್ಕೆ ಬರಬೇಕಾದ ಹಲೋ ಬರಲಿಲ್ಲ. ಗುರುವಾರದ್ದು ಬರಲಿಲ್ಲ. ಶುಕ್ರವಾರ ಎಂಟೂ ನಲವತ್ತಕ್ಕೆ ಜಾಲ ಕೇಂದ್ರದಲ್ಲಿ ಕೂತಿದ್ದ ಅಂದಾನಪ್ಪನ ಮಣಿಕಟ್ಟಿಗಿದ್ದ ಬದಲಿಯ ಕೈಪಟ್ಟಿಯ ಹಳದಿ ದೀಪ ಹಸಿರಾಯಿತು.

ಎದುರು ಕೂತಿದ್ದ ಮೇಲ್ವಿಚಾರಕಿ ಶಮಶಾದ್‌ಬೇಗಂ ಅದನ್ನು ಅವನಿಗಿಂತ ಮೊದಲು ನೋಡಿದರು.

"ಏಳಪಾ ಅಂದಾನಪ್ಪ. ಗಾಡಿ ಪಂಕ್ಚರ್ ಆಗೇದ, ನಿನ್ನ ಇಳಿಸಲಿಕ್ಕೆ ಹತ್ಯಾರ."

"ಗೌಡ್ರು ಆರಾಮ ಅದಾರ್ರಿ ಮೇಡಂ. ನಿನ್ನಿ ದತ್ತಾಂಶದಾಗ ಅವರ ಸಹಿ ಬಂದೈತಿ."

"ಅದು ನನಗ ಗೊತ್ತು, ನಿನಗ ಗೊತ್ತು. ಕೈಪಟ್ಟಿಗೇನ್ ಗೊತ್ತು? ಎರಡ ತಾಸಿನಾಗ ಹೋಗಿ ಹೇಳಬೇಕು. ಇಲ್ಲಂದ್ರ ನೋಟೀಸು." ಅವರು ಕನ್ನಡಕವನ್ನು ಹಣೆಗೇರಿಸಿದರು. "ಹೋಗೂಕಿಂತ ಮೊದಲ ಒಂದ ಮಾತು. ಎರಡ ಲೈನು ಎರಡ ದಾರಿ ಅಂತ ಕಾಗದದ ಮ್ಯಾಲ ಸಹಿ ಮಾಡಿದಾವ ನೀನು. ಒಂದ ಗುಂಡಿಯೊಳಗ ಎರಡೂ ಹೆಂಗ ಬಂದ್ವು?"

ಅಂದಾನಪ್ಪ ಮೊದಲು ಮೇಜಿನತ್ತ ನೋಡಿದ, ಆಮೇಲೆ ಹೇಳಿದ. ಎರಡೂ ಕಂಪನಿಗಳು ಒಂದಕ್ಕೊಂದು ತಿಳಿಯದೆ ಮೂರನೆಯ ಒಂದು ಕಂಪನಿಯ ಅದೇ ಕೊಳವೆಯನ್ನು ಬಾಡಿಗೆಗೆ ಹಿಡಿದಿದ್ದವು, ಕೊನೆಯ ನಾನೂರು ಮೀಟರಿಗೆ ಮಾತ್ರ. ಲೈನು ಹಾಕುವವರಲ್ಲಿ ಒಂದು ಹಳೆಯ ಪದ್ಧತಿಯಿದೆ: ನಕಾಶೆ ನಂಬಬಾರದು, ದಾರಿಯುದ್ದಕ್ಕೂ ನಡೆದು, ಪ್ರತಿ ಗುಂಡಿಯ ಮುಚ್ಚಳ ಎತ್ತಿ ನೋಡಬೇಕು. ಗುಡ್ಡದಿಂದ ಊರಿನವರೆಗೆ ಇಪ್ಪತ್ತೆರಡು ಕಿಲೋಮೀಟರನ್ನು ಅವನು ಎರಡು ಸಲ ನಡೆದಿದ್ದ.

"ಕೊನೇ ನಾನೂರು ಮೀಟರ್ ನಡೀಲಿಲ್ರಿ."

"ಯಾಕ? ಕಾಲ ನೋತಿದ್ವೇನು?"

"ಬಣ್ಣದ ಓಣಿ ಅದು. ಅಕೀ ಕೆಲಸದ ಜಾಗ. ನೂರ ಮಾರಿನ ಒಳಗ ಬರತೈತಿ."

ಶಮಶಾದ್‌ಬೇಗಂ ಹಣೆಗೇರಿಸಿದ್ದ ಕನ್ನಡಕವನ್ನು ಮೇಜಿನ ಮೇಲೆಲ್ಲ ಹುಡುಕಿದರು.

"ಹೋಗು" ಎಂದರು ಕೊನೆಗೆ. "ತಲೀ ಹಿಕ್ಕೊಂಡ ಹೋಗು."

ಬದಲಿಯು ಹೊಸಲಿನ ಹೊರಗೆ ನಿಂತು ಹೇಳಬೇಕಾದ ವಾಕ್ಯವನ್ನು ಸರ್ಕಾರವೇ ಬರೆದುಕೊಟ್ಟಿತ್ತು. ನೀಲಗಂಗಾ ಬಾಗಿಲು ತೆರೆದಳು. ಮೊಣಕೈವರೆಗೆ ನೀಲಿ ಹತ್ತಿದ ಕೈಗಳು, ಒಂದು ಕೈಯಲ್ಲಿ ಪಂಚಾಂಗ.

"ನಾನು ನಿಮ್ಮ ಬದಲಿ ಬಂಧು. ಇಂದಿನಿಂದ ಕರ್ತವ್ಯ ವಹಿಸಿಕೊಂಡಿದ್ದೇನೆ" ಎಂದ ಅಂದಾನಪ್ಪ, ಗೋಡೆಯ ಕಡೆ ನೋಡುತ್ತ.

"ಗೊತ್ತಾತು. ಒಳಗ ಬರ್ರಿ, ಚಾ ಆಗೇದ."

ದನಿ ಅವನು ಅಂದುಕೊಂಡದ್ದಕ್ಕಿಂತ ಸ್ವಲ್ಪ ಒರಟಾಗಿತ್ತು. ಒಳಗೆ ಹೋಗಿ ಅವನು ಕೇಳದೆಯೇ ಎರಡನೆಯ ಹಲಗೆಯಿಂದ ಕಪ್ಪು ತೆಗೆದ, ತನ್ನದಕ್ಕೆ ಮಾತ್ರ ಸಕ್ಕರೆ ಹಾಕಿದ, ಕುಂಟುವ ಕುರ್ಚಿಯನ್ನು ಬಿಟ್ಟು ಇನ್ನೊಂದರಲ್ಲಿ ಕೂತ. ನೀಲಗಂಗಾ ನಿಂತೇ ನೋಡಿದಳು.

"ಎಲ್ಲಾ ಗೊತ್ತೈತಿ ನಿಮಗ."

"ಸೋಮವಾರದ ತನಕ ಗೊತ್ತೈತ್ರಿ. ಆಮ್ಯಾಲಿಂದು ಗೊತ್ತಿಲ್ಲ."

ಅವಳು ನಕ್ಕಳು. ನಗುವ ಮೊದಲು ಮೂಗಿನಲ್ಲಿ ಸಣ್ಣ ಸದ್ದು ಮಾಡುತ್ತಾಳೆಂಬುದೂ ಪತ್ರದಲ್ಲಿ ಬಂದಿರಲಿಲ್ಲ.

"ಲೈನ್ ಯಾವಾಗ ಆಗತೈತ್ರಿ?" ಎಂದು ಕೇಳಿದಳು.

ಅದಕ್ಕೆ ಉತ್ತರ ಕೊಡುವುದು ಸುಲಭವಿರಲಿಲ್ಲ. ಕಡಿದದ್ದು ನಿಮ್ಮ ಎಳೆ ಎಂದು ಒಂದು ಕಂಪನಿ, ನಿಮ್ಮದು ಎಂದು ಇನ್ನೊಂದು ಕಂಪನಿ ಕಾಗದ ಬರೆಯುತ್ತಿದ್ದವು. ಕೊಳವೆಯ ಒಡೆಯನಾದ ಮೂರನೆಯ ಕಂಪನಿ ಮುಚ್ಚಿ ಎರಡು ವರ್ಷವಾಗಿತ್ತು. ಜಂಟಿ ಪರಿಶೀಲನೆ ಆಗುವವರೆಗೆ ಯಾರೂ ಮುಟ್ಟಬಾರದೆಂದು ಪಂಚಾಯತಿಯವರು ಗುಂಡಿಯ ಸುತ್ತ ಕೆಂಪು ಪಟ್ಟಿ ಕಟ್ಟಿದ್ದರು. "ಹದಿನೈದ ದಿನ ಆಗಬಹುದ್ರಿ" ಎಂದ ಅಂದಾನಪ್ಪ. ಅಷ್ಟು ಹೇಳಿದಾಗ ಅದು ನಿಜವೇ ಆಗಿತ್ತು.

ಶನಿವಾರ ಮಧ್ಯಾಹ್ನ ಶಮಶಾದ್‌ಬೇಗಂ ಬುತ್ತಿ ಬಿಚ್ಚುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಗೋದಾಮಿನ್ಯಾಗ ಎರಡ ಸಣ್ಣ ತಟ್ಟಿ ಧೂಳ ತಿನ್ನಾಕತ್ತಾವು. ಒಂದ ನೀರಿನ ಟಾಕಿ ಮ್ಯಾಲ, ಒಂದ ಗುಡ್ಡದ ಮ್ಯಾಲ ಇಟ್ರ ಗಾಳಿಯೊಳಗ ಮಾತು ಹೋಗತೈತಿ. ನೆಲಾ ಅಗಿಯೂದ ಬ್ಯಾಡ, ಯಾರನ್ನೂ ಕೇಳೂದ ಬ್ಯಾಡ."

ಕಪ್ಪತಗುಡ್ಡದ ಮೇಲೆ ಮೊಬೈಲು ನಿಷಿದ್ಧ. ಚಂದ್ರನ ಪಿಸುಮಾತು ಕೇಳುವ ದೊಡ್ಡ ತಟ್ಟೆಗೆ ಅದು ಕಿವಿಯಲ್ಲಿ ಜಾಗಟೆ ಬಾರಿಸಿದಂತೆ. ನೇರ ಗುರಿಯಿಟ್ಟ ಸಣ್ಣ ತಟ್ಟೆಗೆ ಮಾತ್ರ ಅನುಮತಿಯಿತ್ತು. ಎರಡು ದಿನದ ಕೆಲಸ. ಅಂದಾನಪ್ಪನಿಗೆ ಇದು ಶುಕ್ರವಾರ ರಾತ್ರಿಯೇ ಹೊಳೆದಿತ್ತು.

"ವಿಚಾರ ಮಾಡಾಕತ್ತೇನ್ರಿ" ಎಂದ.

"ಮಾಡು. ಹೆಡ್ ಆಫೀಸಿನವರು ಕೇಳಿದ್ರ ಅಂದಾನಪ್ಪ ವಿಚಾರ ಮಾಡಾಕತ್ತಾನ ಅಂತೀನಿ." ಅವರು ಚಪಾತಿ ಮುರಿದರು. "ಐದ ವರ್ಷ ಓದಿದಾಂವ ನಾಲ್ಕ ದಿನ ಮಾತಾಡಿದ್ರ ಚಂದ್ರೇನೂ ಕೆಳಗ ಬೀಳೂದಿಲ್ಲ. ಆದ್ರ ಅರವತ್ತ ಮನಿ ಅದಾವು, ನೆನಪಿರಲಿ."

ಶನಿವಾರ ಸಂಜೆ ಅವನು ನೀಲಗಂಗಾಳ ಮನೆಯ ನೆಲದ ತೊಟ್ಟಿಯ ಮೋಟರು ರಿಪೇರಿ ಮಾಡಿದ. ರವಿವಾರ ಮುಂಜಾನೆ ನೀಲಗಂಗಾ ಉಪ್ಪಿಟ್ಟು ಮುಂದಿಟ್ಟು ಸೆರಗು ಸಿಕ್ಕಿಸಿ ಕೂತಳು.

"ಇವತ್ತ ಜಗಳ ಮಾಡೂಣು."

"ಎದರ ಸಲುವಾಗಿ ರೀ?"

"ಎದರ ಸಲುವಾಗಿ ಅಂತ ಕೇಳಿದ್ರ ಅದೆಂಥಾ ಜಗಳ? ಚಂದ್ರನ ಮ್ಯಾಲಿಂದ ಜಗಳ ಆಗೂದಿಲ್ರಿ. ನಾ ಬೈದ ಮಾತು ಹೋಗಿ, ನಮ್ಮವರ ಮಾತು ಬರಾಕ ಮೂರ ಸೆಕೆಂಡ್ ಬೇಕು. ಅಷ್ಟರಾಗ ಸಿಟ್ಟ ಇಳಿದಿರತೈತಿ. ಅವರು ಉತ್ತರಾ ಕೊಟ್ಟಾಗ ನಾ ಏನ್ ಬೈದಿದ್ದೆ ಅಂತ ನಾನ ಮರತಿರತೇನಿ. ಅನ್ರಿ ಏನರ. ಉಪ್ಪಿಟ್ಟು ಹೆಂಗೈತಿ?"

"ಉಪ್ಪು ಚೂರು..." ಎಂದು ಅಂದಾನಪ್ಪ ನಿಲ್ಲಿಸಿದ.

"ಹೆಚ್ಚೋ, ಕಡಿಮೀನೋ?"

"ಬರೋಬರಿ ಐತ್ರಿ."

"ಥೂ ನಿಮ್ಮ. ಕಲಮು ಹನ್ನೊಂದರಾಗ ನಾಪಾಸು ನೀವು."

ಮುಂದಿನ ಅರ್ಧ ತಾಸು ಅವರಿಬ್ಬರೂ ಉಪ್ಪಿಟ್ಟಿಗೆ ಕ್ಯಾರೆಟ್ ಹಾಕಬೇಕೋ ಬೇಡವೋ ಎಂದು ಜಗಳವಾಡಿದರು. ಅಂದಾನಪ್ಪ ಸೋತ. ಕೇಂದ್ರಕ್ಕೆ ಹೋಗುವ ದಾರಿಯಲ್ಲಿ ಆಟೋದವನೊಬ್ಬ "ಸ್ಟೆಪ್ನಿ ಅಣ್ಣಾರು ಭಾಳ ಓಡಾಕತ್ತಾರ" ಎಂದು ಕೂಗಿದಾಗ, ಅವನಿಗೆ ಕೈ ಎತ್ತಿ ನಮಸ್ಕಾರ ಮಾಡಿದ. ಗೋದಾಮಿನ ಬೀಗದ ಕೈ ಅವನ ಜೇಬಿನಲ್ಲಿತ್ತು. ಗೋದಾಮಿನ ಮುಂದೆ ಹಾಯ್ದೂ ಒಳಗೆ ಹೋಗಲಿಲ್ಲ.

ಸೋಮವಾರ ಸ್ಥಿತಿಪತ್ರ ಬರಲಿಲ್ಲ. ಕರ್ತವ್ಯದಲ್ಲಿರುವ ಬದಲಿಗೆ ಅದು ಬರುವುದಿಲ್ಲ. ಹಾಗಾಗಿ ಆ ವಾರದ ದೊಡ್ಡ ಸಂಗತಿಯನ್ನು ಅವಳೇ ಹೇಳಬೇಕಾಯಿತು. ಸಂಜೆ ನೂಲಿನ ಲಡಿಗಳನ್ನು ಬಿಡಿಸುತ್ತ, ಅವನ ಕಡೆ ನೋಡದೆ ಹೇಳಿದಳು.

"ಅಮಾಸಿ ದಿನ ಮುಂಜಾನೆ ನಮ್ಮವರು ಮಾತಾಡಿದ್ರು. ಇನ್ನೂ ಮೂರ ವರ್ಷ ಇರು ಅಂತಾರ ಅಲ್ಲಿಯವರು. 'ನೀ ಬಾ ಅಂದ್ರ ಬರ್ತೀನಿ, ಇರು ಅಂದ್ರ ಇರ್ತೀನಿ' ಅಂದ್ರು. ಈ ಬುಧವಾರ ಚಂದ್ರ ಮುಳಗೂದರಾಗ ಹೇಳಬೇಕಂತ. ಏನೂ ಹೇಳಲಿಲ್ಲಂದ್ರ ಒಪ್ಪಿಗಿ ಅಂತ ತಿಳಕೋತಾರಂತ."

"ನೀವೇನಂದ್ರಿ?"

"ನಾಳೆ ಹೇಳತೀನಿ ಅಂದೆ." ಅವಳು ಗಂಟೊಂದನ್ನು ಹಲ್ಲಿನಿಂದ ಬಿಡಿಸಿದಳು. "ಐದ ವರ್ಷದ ಮ್ಯಾಲ ಒಂದ ದಿನ ಕಾಯಲಿ ಅಂತ ಸಣ್ಣ ಸಿಟ್ಟು ನೋಡ್ರಿ. ಆ ನಾಳೆ ಬರಲೇ ಇಲ್ಲ."

ಅಂದಾನಪ್ಪ ಲಡಿಯ ಇನ್ನೊಂದು ತುದಿ ಹಿಡಿದು ಕೂತಿದ್ದ. ಲೆಕ್ಕ ಅವನಿಗೆ ಒಮ್ಮೆಲೇ ಕಂಡಿತು. ಅವನು ಇನ್ನೆರಡು ದಿನ ವಿಚಾರ ಮಾಡುತ್ತಲೇ ಇದ್ದರೆ ಫಕೀರಗೌಡ ಮೂರು ವರ್ಷ ಅಲ್ಲೇ ಉಳಿಯುತ್ತಾನೆ. ಲೈನು ಎಂದೋ ಸರಿಯಾಗುತ್ತದೆ, ಹಲೋ ಬರುತ್ತದೆ, ತಾನು ಮತ್ತೆ ಹಳದಿ ದೀಪಕ್ಕೆ ಹೋಗುತ್ತೇನೆ. ಆದರೆ ಮೂರು ವರ್ಷದ ಸೋಮವಾರಗಳು ಉಳಿಯುತ್ತವೆ. ಲೈನು ಈಗಲೇ ಆಗಿ, ಅವಳು ಬಾ ಎಂದರೆ ಅವೂ ಇಲ್ಲ. ಗಂಡ ಊರಲ್ಲೇ ಇರುವ ಮನೆಗೆ ಕಾಯ್ದೆ ಬದಲಿಯನ್ನು ಕೊಡುವುದಿಲ್ಲ.

"ಲೈನ್ ಆಗೂದ ಸಾಧ್ಯ ಐತೇನ್ರಿ, ಬುಧವಾರದೊಳಗ?"

ಲಡಿ ಅವನ ಬೆರಳಿಗೆ ನೀಲಿ ಹಚ್ಚಿತ್ತು. ಅದನ್ನು ನೋಡುತ್ತ ಅವನು "ಇನ್ನೊಂದ ದಾರಿ ಐತ್ರಿ" ಎಂದ. "ಶುಕ್ರವಾರದಿಂದ ಐತಿ."

ನೀಲಗಂಗಾ ಅವನನ್ನು ನೋಡಿದಳು. ಶುಕ್ರವಾರದಿಂದ ಯಾಕೆ ಸುಮ್ಮನಿದ್ದಿರಿ ಎಂದು ಕೇಳಲಿಲ್ಲ. ಲಡಿಯ ತುದಿಯನ್ನು ಅವನ ಕೈಯಿಂದ ತೆಗೆದುಕೊಂಡಳು.

ಮಂಗಳವಾರ ನಸುಕಿಗೆ ಅವನು ಒಂದು ತಟ್ಟೆಯನ್ನು ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಗುಡ್ಡ ಹತ್ತಿದ. ದೊಡ್ಡ ತಟ್ಟೆಯ ಕಟ್ಟೆಯ ಮೇಲೆ ಅದನ್ನು ಬಿಗಿದು, ಊರಿನ ನೀರಿನ ಟಾಕಿಗೆ ಗುರಿಯಿಟ್ಟು ಬಂದ. ಮಧ್ಯಾಹ್ನ ಇನ್ನೊಂದನ್ನು ಟಾಕಿಯ ಮೇಲೆ ಏರಿಸಿದ. ಶಮಶಾದ್‌ಬೇಗಂ ಕೆಳಗೆ ಕುರ್ಚಿ ಹಾಕಿಸಿಕೊಂಡು, ತಲೆಗೆ ಬಿಸಿಲು ಬೀಳದಂತೆ ಸೆರಗು ಎಳೆದುಕೊಂಡು, ಲ್ಯಾಪ್‌ಟಾಪಿನಲ್ಲಿ ಬರುವ ಅಂಕಿಗಳನ್ನು ಹರಾಜು ಕೂಗುವಂತೆ ಕೂಗಿದರು.

"ನಲವತ್ತು... ಐವತ್ತು... ಅರವತ್ತೆರಡು, ಹಿಡಿ ಹಿಡಿ... ಸೊನ್ನಿ. ಏನ ಮಾಡಿದಿ?"

"ಏನೂ ಮಾಡಿಲ್ರಿ."

"ಅರವತ್ತೆರಡು. ಸೊನ್ನಿ. ಅರವತ್ತೆರಡು. ಸೊನ್ನಿ. ಇದೇನ ಬಿಕ್ಕಳಿಕಿ ಹತ್ತೇತೇನು ಇದಕ್ಕ?"

ಬಿಕ್ಕಳಿಕೆಯೇ. ಗುಡ್ಡದ ಅಂಚಿನ ಗಾಳಿಯಂತ್ರವೊಂದರ ರೆಕ್ಕೆ ಎರಡು ತಟ್ಟೆಗಳ ನಡುವಿನ ನೇರಕ್ಕೆ ಅಡ್ಡ ಬರುತ್ತಿತ್ತು, ಪ್ರತಿ ಸುತ್ತಿಗೂ. ಪ್ರತಿ ಮೂರು ಸೆಕೆಂಡಿಗೆ ಹಲೋ ಕೇಳುವ ರೂಟರು ರೆಕ್ಕೆಯ ಆಟಕ್ಕೆ ಸಿಕ್ಕು, ಲೈನು ಸತ್ತಿತು, ಬದುಕಿತು, ಸತ್ತಿತು ಎಂದು ಸಾರುತ್ತಿತ್ತು. ತಟ್ಟೆಯನ್ನು ಟಾಕಿಯ ಇನ್ನೊಂದು ಬದಿಗೆ ಒಯ್ಯಬೇಕು, ಅದಕ್ಕೆ ಹೊಸ ಕಂಬ ಬೇಕು. ಬೆಸುಗೆಯವನು ಬುಧವಾರ ಹತ್ತಕ್ಕೆ ಬರುತ್ತೇನೆಂದ.

ಬುಧವಾರ ಚಂದ್ರೋದಯ ಹನ್ನೆರಡೂ ಐವತ್ತಕ್ಕೆ. ಮುಂಜಾನೆ ಅಂದಾನಪ್ಪ ಎಂದಿನಂತೆ ಬಂದು ಕೂತ. ನೀಲಗಂಗಾ ಎರಡು ಕಪ್ಪು ಚಹಾ ತಂದಿಟ್ಟಳು.

"ಇವತ್ತ ಆಗತೈತೇನ್ರಿ?"

"ಆಗತೈತ್ರಿ."

"ಹಂಗಾರ ಏನ್ ಹೇಳಲಿ ಅವರಿಗೆ?"

ಅವನು ತಲೆಯೆತ್ತಿದ.

"ನನ್ನ ಯಾಕ ಕೇಳತೀರಿ?"

"ಮತ್ಯಾರನ್ನ ಕೇಳಲಿ? ನನ್ನ ಐದ ವರ್ಷ ಓದಿದವರು ನೀವೊಬ್ಬರ. ಅವರು ಓದಿಲ್ಲ. ನಾನೂ ಓದಿಲ್ಲ. ಕಲಮು ಹನ್ನೊಂದರಾಗ ಸಲಹಾ ಅಂತ ಐತಿ ಹೌದಲ್ಲೋ, ಕೊಡ್ರಿ."

ಹೊರಗೆ ಯಾರೋ ಮಗ್ಗ ಶುರು ಮಾಡಿದರು. ಇರು ಅನ್ನಿ ಎಂದರೆ ಸಾಕಿತ್ತು. ಅವಳು ಒಪ್ಪಬಹುದಿತ್ತು ಕೂಡ. ಅವಳ ಮುಖ ಎರಡೂ ಕಡೆಗೆ ತೆರೆದಿತ್ತು. ಅಂದಾನಪ್ಪ ಕಪ್ಪನ್ನು ಅತ್ತ ಇತ್ತ ತಿರುಗಿಸಿದ.

"ನಿಮ್ಮ ಮನಿಗೆ ತಿಂಗಳಿಗೆ ಚಾಪುಡಿ ಎಷ್ಟ ಬರತೈತಿ ಗೊತ್ತೇನ್ರಿ?"

"ಅರ್ಧ ಕಿಲೋ."

"ಒಬ್ಬರಿಗೆ ಕಾಲ ಕಿಲೋ ಸಾಕು. ಗೌಡ್ರು ಹೋದಾಗಿಂದ ಒಂದ ತಿಂಗಳೂ ಅದು ಕಾಲ ಕಿಲೋಕ್ಕ ಇಳಿದಿಲ್ಲ. ಮೊದಲ ವರ್ಷ ಮರತೀರಿ ಅನಕೊಂಡೆ. ಎರಡನೇ ವರ್ಷ ಯಾರರ ಬರತಾರೇನೋ ಅಂತ ನೋಡಿದೆ. ಬರೂದಿಲ್ಲ. ನೀವು ದಿನಾ ಎರಡ ಕಪ್ಪು ಮಾಡತೀರಿ." ಅವನು ಇಷ್ಟುದ್ದ ಮಾತಾಡಿ ಅಭ್ಯಾಸವಿಲ್ಲದೆ ಉಸಿರು ಎಳೆದುಕೊಂಡ. "ಬಾ ಅನ್ರಿ ಅವರಿಗೆ."

ನೀಲಗಂಗಾ ತನ್ನ ನೀಲಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಒಂದ ನಾ ಕುಡೀತೀನಿ" ಎಂದಳು. "ಇನ್ನೊಂದ ಹಂಗ ಆರತೈತಿ. ಸಂಜೀಕ ಮೋರಿಗೆ ಚೆಲ್ಲತೀನಿ."

"ಹೂಂ ರೀ."

"ಈ ವಾರ ಚೆಲ್ಲಿಲ್ಲ."

ಅಂದಾನಪ್ಪ ಉಳಿದ ಚಹಾವನ್ನು ಕುಡಿದು ಮುಗಿಸಿದ. ಕಪ್ಪನ್ನು ತೊಳೆದು ಎರಡನೆಯ ಹಲಗೆಯ ಮೇಲೆ ಬೋರಲಿಟ್ಟ. ಹೊಸಲು ದಾಟುವಾಗ ಏನೋ ಹೇಳಬೇಕೆನ್ನಿಸಿತು. ಕರ್ತವ್ಯ ಬಿಟ್ಟುಕೊಡುವಾಗ ಹೇಳಲು ಸರ್ಕಾರ ಯಾವ ವಾಕ್ಯವನ್ನೂ ಬರೆದುಕೊಟ್ಟಿರಲಿಲ್ಲ.

ಬೆಸುಗೆಯವನು ಹತ್ತಕ್ಕೆ ಬರುತ್ತೇನೆಂದವನು ಹನ್ನೊಂದೂವರೆಗೆ ಬಂದ. ಕಂಬ ನಿಂತಾಗ ಹನ್ನೆರಡೂ ಇಪ್ಪತ್ತು. ಕಾದ ಕಬ್ಬಿಣಕ್ಕೆ ಕೈ ಸುಟ್ಟುಕೊಳ್ಳುತ್ತ ಅಂದಾನಪ್ಪ ತಟ್ಟೆಯನ್ನು ತಿರುಗಿಸಿದ. ಕೆಳಗಿನಿಂದ ಹರಾಜು ಶುರುವಾಯಿತು.

"ಮೂವತ್ತು. ನಲವತ್ತೈದು. ಎಪ್ಪತ್ತು. ನಿಂದರು ಅಲ್ಲೇ. ಎಪ್ಪತ್ತು. ಎಪ್ಪತ್ತು. ಎಪ್ಪತ್ತು." ಶಮಶಾದ್‌ಬೇಗಂ ಮೂರು ಸಲ ಕೂಗಿ ಸುಮ್ಮನಾದರು. ಗುಡ್ಡದ ಗಾಳಿಯಂತ್ರ ಎಲ್ಲಿಗೂ ಅಡ್ಡ ಬಾರದೆ ತನ್ನಷ್ಟಕ್ಕೆ ತಿರುಗುತ್ತಿತ್ತು.

ಹನ್ನೆರಡೂ ಐವತ್ತೊಂದಕ್ಕೆ ಅರವತ್ತು ಮನೆಗಳ ಹಲೋಗಳು ಒಟ್ಟಿಗೆ ಬಂದವು. ಟಾಕಿಯ ಮೇಲೆ ಅಂದಾನಪ್ಪನ ಕೈಪಟ್ಟಿ ಹಸಿರಿನಿಂದ ಹಳದಿಗೆ ತಿರುಗಿತು. ಹೊಸ ಲೈನು ಹಾಕಿದವನು ಮೊದಲ ಮಾತು ಸ್ಪಷ್ಟವಿದೆಯೇ ಎಂದು ಕೇಳಿ ನೋಡಿ ಸಹಿ ಹಾಕಬೇಕೆಂಬುದು ಕೇಂದ್ರದ ನಿಯಮ. ಅವನು ಹೆಡ್‌ಫೋನು ಹಾಕಿಕೊಂಡ. ಪಟ್ಟಿಯಲ್ಲಿ ಮೊದಲು ಬಂದದ್ದೇ ನೀಲಗಂಗಾಳ ಕರೆ.

"ಹಲೋ" ಎಂದಳು ಅವಳು, ಸ್ವಲ್ಪ ಒರಟು ದನಿಯಲ್ಲಿ.

ಮೂರು ಸೆಕೆಂಡು ಏನೂ ಇರಲಿಲ್ಲ.

"ನೀಲಾ" ಎಂದಿತು ಗಂಡಸಿನ ದನಿ. "ಎಂಟ ದಿನಾ ಆತು. ನಾ ಒಪ್ಪಿಗಿ ಅಂತ ತಿಳಕೊಂಡಿದ್ದೆ."

ಅಂದಾನಪ್ಪ ಹೆಡ್‌ಫೋನು ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಕೆಳಗಿನಿಂದ ಶಮಶಾದ್‌ಬೇಗಂ ಕೇಳಿದರು, "ಮಾತು ಸ್ವಚ್ಛ ಕೇಳತೈತೇನೋ?"

"ಕೇಳತೈತ್ರಿ."

"ಏನಂತಾರ?"

"ಅಷ್ಟ ಕೇಳಿಲ್ರಿ."

"ಇಳದ ಬಾ. ಬುತ್ತಿ ಎರಡ ಮಂದಿಗೆ ಆಗೂವಷ್ಟ ಐತಿ."

ಅವನು ಕಾಗದಕ್ಕೆ ಸಹಿ ಹಾಕಿ ಇಳಿದ. ಸಂಜೆ, ಕರ್ತವ್ಯದ ತಾಸು ಇಲ್ಲದ್ದರಿಂದ, ಊರಿನ ಇನ್ನೊಂದು ತುದಿಯಲ್ಲಿ ನಡೆದಾಡಿದ. ಗುಂಡಿಗಳ ಮುಚ್ಚಳ ಕಂಡಲ್ಲೆಲ್ಲ ಎತ್ತಿ ನೋಡಿದ.

ಫಕೀರಗೌಡ ಜೂನ್ ಹದಿನೆಂಟಕ್ಕೆ ಊರಿಗೆ ಬಂದ. ಅಂದಾನಪ್ಪನ ನೋಂದಣಿ ಹತ್ತೊಂಬತ್ತಕ್ಕೆ ರದ್ದಾಯಿತು.